ಹಗೇವಿನ ಬಾಯಿಯಲ್ಲಿ ದೊಡ್ಡತ್ತೆ

ರೋಣದ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಒಗ್ಗದೇ ಇದ್ದದ್ದು ಅಲ್ಲಿನ ಮೌನ. ನನ್ನ ತವರು ಗಜೇಂದ್ರಗಡ. ನಮ್ಮ ಓಣಿಯಲ್ಲಿ ಬೆಳಗು ಹರಿಯುವ ಮೊದಲೇ ಮಗ್ಗಗಳು ಸುರುವಾದರೆ ದೀಪ ಹಚ್ಚುವ ತನಕ ಖಟಪಟ ನಿಲ್ಲುತ್ತಿರಲಿಲ್ಲ. ಆ ಸದ್ದಿನಲ್ಲಿ ಬೆಳೆದವಳಿಗೆ ರೋಣದ ಮಧ್ಯಾಹ್ನಗಳು ಕಿವಿಗೆ ಅರಳೆ ತುರುಕಿದಂತೆ ಇರುತ್ತಿದ್ದವು. ಅಂಥ ಊರಿನಲ್ಲಿ ವಿಮಾನದ ಸದ್ದು ದೂರದಿಂದಲೇ ಕೇಳಿಸುತ್ತದೆ. ಅದೂ ನಮಗೆಲ್ಲ ಕೇಳಿಸುವ ಎಷ್ಟೋ ಮೊದಲು ನಮ್ಮ ದೊಡ್ಡತ್ತೆಗೆ ಕೇಳಿಸುತ್ತಿತ್ತು.

ದೊಡ್ಡತ್ತೆ ಅಂದರೆ ನನ್ನ ಮಾವನವರ ಅಕ್ಕ. ಅವರ ಗಂಡ ಮುಂಬಯಿಯ ಯಾವುದೋ ಅಕ್ಕಿ ವ್ಯಾಪಾರಿಗಳ ಕಡೆ ಗುಮಾಸ್ತರಾಗಿ ರಂಗೂನಿಗೆ ಹೋದವರು. ಇವರೂ ಹಿಂದೆ ಹೋದರು. ಮಹಾಯುದ್ಧದಲ್ಲಿ ಆ ಊರಿನ ಮೇಲೆ ಬಾಂಬು ಬಿದ್ದು ಜನ ದಿಕ್ಕಾಪಾಲಾದಾಗ ಗಂಡ ಹೆಂಡತಿ ಕಾಡು ಗುಡ್ಡ ತುಳಿದು ಹೊರಟರು. ಗಂಡ ದಾರಿಯಲ್ಲಿ ವಾಂತಿಭೇದಿಗೆ ತೀರಿಕೊಂಡರು. ದೊಡ್ಡತ್ತೆ ಒಬ್ಬರೇ ಕಲ್ಕತ್ತೆಗೆ ಮುಟ್ಟಿ, ಯಾರ ಯಾರದೋ ಕೈಕಾಲು ಹಿಡಿದು, ಕಡೆಗೊಂದು ದಿನ ಹೊಳೆಆಲೂರಿನ ಸ್ಟೇಷನ್ನಿನಲ್ಲಿ ಇಳಿದರಂತೆ. ಕರೆತರಲು ಚಕ್ಕಡಿ ಹೂಡಿಕೊಂಡು ಹೋದ ಮಾವನವರು ಸ್ವಂತ ಅಕ್ಕನ ಮುಂದೆಯೇ ಎರಡು ಸಲ ಹಾದುಹೋದರೂ ಗುರುತು ಹಿಡಿಯಲಿಲ್ಲವಂತೆ. ಇದೆಲ್ಲ ನನ್ನ ಅತ್ತೆ ರೊಟ್ಟಿ ಬಡಿಯುತ್ತ ನನಗೆ ಹೇಳಿದ್ದು. ನಾನು ಬರುವ ಹೊತ್ತಿಗೆ ಅದು ಹತ್ತು ವರ್ಷದ ಹಿಂದಿನ ಕಥೆಯಾಗಿತ್ತು. ಓಣಿಯವರಿಗೆ ದೊಡ್ಡತ್ತೆ ರಂಗೂನವ್ವ ಆಗಿ ಹಳಬರಾಗಿದ್ದರು.

ಅವರ ತಲೆ ಸರಿಯಿಲ್ಲ ಎಂದು ಓಣಿಯಲ್ಲಿ ಮಾತಿತ್ತು. ನಾನು ನೋಡಿದ ಮಟ್ಟಿಗೆ ನಮ್ಮ ಮನೆಯಲ್ಲಿ ತಲೆ ಎಲ್ಲರಿಗಿಂತ ಸರಿ ಇದ್ದದ್ದು ಅವರದೇ. ಹಪ್ಪಳದ ಹಿಟ್ಟಿನ ಹದದಿಂದ ಹಿಡಿದು ಹೊಲದ ಪಾಲಿನ ವ್ಯವಹಾರದ ತನಕ ಮಾವನವರು ಅವರನ್ನು ಕೇಳದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಎರಡು ವಿಷಯದಲ್ಲಿ ಮಾತ್ರ ಅವರ ರೀತಿ ಬೇರೆ. ಒಂದು, ಅವರು ಮಾಳಿಗೆಯ ಕೆಳಗೆ ಮಲಗುತ್ತಿರಲಿಲ್ಲ. ನಮ್ಮ ಕಡೆಯ ಮನೆಗಳ ಮೇಲೆ ಹೇರಿದ ಮಣ್ಣು ಎಷ್ಟು ಭಾರವೆಂದು ನೋಡಿದವರಿಗೆ ಗೊತ್ತು. ಅದು ಮೈಮೇಲೆ ಕುಸಿದರೆ ತೆಗೆಯುವವರು ಯಾರು ಎಂದು ಕೇಳಿ, ಮಳೆ ಚಳಿ ಇಲ್ಲದಾಗ ಅಂಗಳದಲ್ಲೇ ಹೊರಸು ಹಾಕಿಕೊಂಡು ಮಲಗುತ್ತಿದ್ದರು. ಇನ್ನೊಂದು, ವಿಮಾನದ ಸದ್ದು ಕಿವಿಗೆ ಬಿದ್ದ ಕೂಡಲೇ ಅವರ ಕೈ ನಡುಗಲು ಹತ್ತುತ್ತಿತ್ತು. ಆಗ ಎದ್ದು, ಯಾರ ಮನೆಯದೇ ಆಗಲಿ, ಹತ್ತಿರ ಇದ್ದ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡು ಬಯಲಿಗೆ ಹೋಗಿ ನಿಲ್ಲುತ್ತಿದ್ದರು. ಸದ್ದು ಅಡಗಿದ ಮೇಲೆ ಕೂಸನ್ನು ತಾಯಿಗೆ ಕೊಟ್ಟು, ಬಿಟ್ಟ ಕೆಲಸಕ್ಕೆ ಮರಳುತ್ತಿದ್ದರು.

ರಂಗೂನಿನ ಸುದ್ದಿ ಅವರಾಗಿ ಎತ್ತುತ್ತಿರಲಿಲ್ಲ. ಕೇಳಿದರೆ ಮುಚ್ಚಿಡುತ್ತಲೂ ಇರಲಿಲ್ಲ. ಮಾವನವರಿಗೆ ಪೇಪರು ಓದುವ ಹುಚ್ಚು. ಮಧ್ಯಾಹ್ನ ಅಂಗಡಿಯಿಂದ ಬಂದು ಉಂಡು ಪಡಸಾಲೆಯಲ್ಲಿ ಕುಳಿತರೆ, ಲೋಕದ ಯಾವ ಮೂಲೆಯಲ್ಲಿ ಯಾರು ಯಾರ ಮೇಲೆ ಬಾಂಬು ಹಾಕಿದರೆಂದು ಗಟ್ಟಿಯಾಗಿ ಓದಿ ನಮ್ಮೆಲ್ಲರಿಗೆ ವಿವರಿಸುತ್ತಿದ್ದರು. ಒಂದು ದಿನ ಅವರು, ಮೇಲಿನಿಂದ ಬಾಂಬು ಸುರಿದರೆ ಸಾಮಾನ್ಯ ಜನ ಧೈರ್ಯಗೆಡುತ್ತಾರೆ, ಯುದ್ಧ ಸಾಕು ಎಂದು ತಮ್ಮ ಸರಕಾರದ ಕುತ್ತಿಗೆಗೆ ಬೀಳುತ್ತಾರೆ, ಅದಕ್ಕೇ ಊರುಗಳ ಮೇಲೆ ಹಾಕುವುದು ಎಂದು ದೊಡ್ಡ ಸೇನಾಪತಿಯ ಹಾಗೆ ಹೇಳಿದರು. ಜೋಳ ಹಸನು ಮಾಡುತ್ತಿದ್ದ ದೊಡ್ಡತ್ತೆ ಮೊರದಿಂದ ತಲೆ ಎತ್ತಲಿಲ್ಲ.

"ಸರಕಾರದ ನೆನಪ ಯಾರಿಗಿತ್ತೋ ತಮ್ಮಾ," ಅಂದರು. "ಕುಡಿಯೂ ನೀರ ಎಲ್ಲಿ ಸಿಗತೈತಿ ಅನ್ನೂದೊಂದ ನೆನಪ."

ಆಮೇಲೆ ನಿಧಾನವಾಗಿ ಹೇಳಿದರು. ಮೊದಲ ದಿನ ಯಾರೂ ಹೆದರಲಿಲ್ಲವಂತೆ. ಬೆಳ್ಳಗೆ ಸಾಲಾಗಿ ಬಂದ ವಿಮಾನಗಳನ್ನು ನೋಡಲು ಜನ ಬೀದಿಗೆ ಓಡಿ ಬಂದು, ಹಣೆಗೆ ಕೈ ಹಚ್ಚಿ, ಬಾಯಿ ತೆರೆದು ನಿಂತರಂತೆ. ಹಾಗೆ ನಿಂತವರೇ ಹೆಚ್ಚು ಸತ್ತದ್ದು. ಅದಕ್ಕೂ ಮೊದಲು ಮೇಲಿನಿಂದ ಕಾಗದ ಬಿದ್ದಿದ್ದವು, ಊರು ಬಿಡಿ ಎಂದು ಬರೆದಿತ್ತಂತೆ. ಹುಡುಗರು ಅದರಲ್ಲಿ ಗಾಳಿಪಟ ಮಾಡಿ ಹಾರಿಸಿದ್ದರು. ಬಾಂಬು ಬಿದ್ದ ಮೇಲೂ ಊರು ಒಮ್ಮೆಲೇ ಎದೆಗೆಡಲಿಲ್ಲ. ಬೀದಿ ಗುಡಿಸುವವರು, ಬಂದರಿನ ಹಮಾಲರು, ನೀರಿನವರು ಗಂಟು ಕಟ್ಟಿಕೊಂಡು ಹೊರಟುಹೋದಾಗ ಎದೆಗೆಟ್ಟಿತು. ಹೆಣ ಎತ್ತುವವರಿಲ್ಲ, ಕಸ ಎತ್ತುವವರಿಲ್ಲ, ಒಲೆ ಹಚ್ಚಿದ ಅಂಗಡಿಯಿಲ್ಲ. ಬಾಂಬಿಗೆ ಹೆದರದ ಗಟ್ಟಿಗರು ಆ ಖಾಲಿ ಓಣಿ ನೋಡಿ ಅತ್ತರು ಎಂದರು.

ಮಾವನವರು ಪೇಪರು ಮಡಿಚಿಟ್ಟು, ನಿನಗೆ ಅಂಜಿಕೆ ಆಗಲಿಲ್ಲವೇ ಎಂದು ಕೇಳಿದರು. ಆಗಲೇ ನನಗೆ ಅವರು ಕೂಸು ಎತ್ತಿಕೊಳ್ಳುವುದರ ಹಿಂದಿನ ಸಂಗತಿ ತಿಳಿದದ್ದು. ಕೆಳಗಿನ ಮನೆಯಲ್ಲಿ ಒಂದು ತೆಲುಗು ಕುಟುಂಬವಿತ್ತಂತೆ, ಮೂರು ಮಕ್ಕಳು. ವಿಮಾನ ಬಂತೆಂದು ಎಚ್ಚರಿಸುವ ಭೋಂಗಾ ಕೂಗಿದಾಗೆಲ್ಲ ಎಲ್ಲರೂ ಹಿತ್ತಲಿನಲ್ಲಿ ತೋಡಿದ ತಗ್ಗಿಗೆ ಇಳಿಯುತ್ತಿದ್ದರು. ಎರಡು ಮಕ್ಕಳನ್ನು ಆ ತಾಯಿ ಹಿಡಿದುಕೊಂಡರೆ, ಸಣ್ಣದನ್ನು ಮಕ್ಕಳಿಲ್ಲದ ದೊಡ್ಡತ್ತೆಯ ಉಡಿಗೆ ಹಾಕುತ್ತಿದ್ದಳು. ಕೂಸು ಉಡಿಯಲ್ಲಿ ಇರುವ ತನಕ ತನಗೆ ಅಂಜಿಕೆ ಎಂಬುದೇ ಗೊತ್ತಾಗಲಿಲ್ಲ ಎಂದರು ದೊಡ್ಡತ್ತೆ. ಅದರ ಕಿವಿ ಮುಚ್ಚಬೇಕು, ಬಾಯಿಗೆ ಮಣ್ಣು ಹೋಗದ ಹಾಗೆ ನೋಡಬೇಕು, ಹೆದರಲು ಪುರುಸೊತ್ತೆಲ್ಲಿ? ಕಡೆಗೆ ಆ ಕುಟುಂಬಕ್ಕೆ ಹಡಗಿನಲ್ಲಿ ಜಾಗ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಬಂದರಿನ ಕಟ್ಟೆಯ ಮೇಲೆ ಕೂಸನ್ನು ತಾಯಿಯ ಕೈಗೆ ಕೊಟ್ಟು ತಿರುಗಿದಾಗಲೇ ಕೈ ನಡುಗಲು ಸುರುವಾದದ್ದಂತೆ. ಆ ಹಡಗು ದಡ ಮುಟ್ಟಿತೋ ಇಲ್ಲವೋ ಅವರಿಗೆ ಕಡೆಯವರೆಗೂ ತಿಳಿಯಲಿಲ್ಲ.

ಇದನ್ನು ಕೇಳಿ ನನಗೆ ಅಳು ಬಂತು. ಹಾಗೆಂದು ಮುಂದೆ ನನಗೆ ಹೆಣ್ಣು ಕೂಸು ಹುಟ್ಟಿದಾಗ ಅದನ್ನು ಅವರ ಕೈಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಅದಕ್ಕೆ ಕಾರಣ ನಮ್ಮ ಹಗೇವು.

ನಮ್ಮ ಸೀಮೆಯಲ್ಲಿ ಜೋಳವನ್ನು ನೆಲದೊಳಗೆ ಇಡುತ್ತಾರೆ. ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಗುಡಾಣದ ಹಾಗೆ ಹೊಟ್ಟೆ. ಸುತ್ತಲೂ ಹುಲ್ಲು ಹಾಸಿ, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ವಿಷವಾಗುತ್ತದೆ. ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಹೊತ್ತುಗಟ್ಟಲೆ ಬಾಯಿ ಬಿಟ್ಟು, ಆಮೇಲೆ ಹಗ್ಗಕ್ಕೆ ಹಚ್ಚಿದ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಉರಿಯುತ್ತಿದ್ದರೆ ಇಳಿಯಬಹುದು, ಆರಿದರೆ ಇಲ್ಲ. ಇದು ನಮ್ಮಲ್ಲಿ ಮಾತು ಬರುವ ಮಕ್ಕಳಿಗೂ ಗೊತ್ತು. ಆದರೂ ಹತ್ತಿರದ ಸವಡಿ ಊರಿನಲ್ಲಿ ಅವಸರ ಮಾಡಿ ಇಳಿದ ಒಬ್ಬ ಆಳು, ಅವನನ್ನು ಎತ್ತಲು ಇಳಿದ ಅವನ ತಮ್ಮ, ಇಬ್ಬರೂ ಮೇಲೆ ಬರಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು.

ರಂಗೂನಿನಿಂದ ಬಂದ ಹೊಸದರಲ್ಲೇ ದೊಡ್ಡತ್ತೆಯ ಕಣ್ಣು ನಮ್ಮ ಅಂಗಳದ ಹಗೇವಿನ ಮೇಲೆ ಬಿದ್ದಿತ್ತು. ರಂಗೂನಿನಲ್ಲಿ ತೋಡಿದ ತಗ್ಗು ಇದರ ಅರ್ಧವೂ ಇರಲಿಲ್ಲ, ಇದರಲ್ಲಿ ಜೋಳ ತುಂಬದೆ ಖಾಲಿ ಇಡಿರಿ, ಬಾಂಬು ಬಿದ್ದರೆ ಮಕ್ಕಳನ್ನು ಇಳಿಸಲು ಆಗುತ್ತದೆ ಎಂದು ಹಟ ಹಿಡಿದಿದ್ದರಂತೆ. ಮಾವನವರು ಸವಡಿಯ ಅಣ್ಣತಮ್ಮಂದಿರ ಸುದ್ದಿ ಹೇಳಿ, ಅಕ್ಕನ ಕಣ್ಣೆದುರೇ ಕಂದೀಲು ಇಳಿಬಿಟ್ಟು ಆರಿದ್ದನ್ನು ತೋರಿಸಿದ್ದರು. ನಮ್ಮೂರಿನ ಮೇಲೆ ಯಾರು ಬಾಂಬು ಹಾಕುತ್ತಾರೆ ಎಂದೂ ಕೇಳಿದ್ದರು. ಅದಕ್ಕೆ ದೊಡ್ಡತ್ತೆ ಕೊಟ್ಟ ಉತ್ತರವನ್ನು ಮನೆಯಲ್ಲಿ ಎಲ್ಲರೂ ನಗುತ್ತ ಹೇಳುತ್ತಿದ್ದರು.

"ನಾವೂ ಅಲ್ಲಿ ಹಿಂಗ ಅಂತಿದ್ವಿ."

ನನಗೆ ಅದು ನಗುವ ಮಾತಾಗಿ ಕಾಣಲಿಲ್ಲ. ಆದರೆ ಕಂದೀಲಿನ ಪಾಠ ಕಲಿತ ತಲೆ, ಮೇಲೆ ವಿಮಾನ ಮೊರೆಯುವಾಗ ಅದನ್ನು ನೆನಪಿಡುತ್ತದೆಯೇ? ಕೈ ನಡುಗುವ ಮನುಷ್ಯರು ಕೂಸನ್ನು ಎತ್ತಿಕೊಂಡು ಎಲ್ಲಿಗೆ ಓಡುತ್ತಾರೆಂದು ಯಾರು ಹೇಳಬೇಕು? ಕೂಸನ್ನು ಅವರ ಹತ್ತಿರ ಒಂಟಿಯಾಗಿ ಬಿಡಬೇಡ ಎಂದು ಅತ್ತೆ ಬಾಣಂತನದಲ್ಲೇ ನನಗೆ ತಾಕೀತು ಮಾಡಿದ್ದರು. ನಾನು ಪಾಲಿಸಿದೆ. ಹಡೆದ ಹೊಟ್ಟೆ ಅಂಜುತ್ತದೆ, ಅದರಲ್ಲಿ ತಪ್ಪೇನೂ ನನಗೆ ಇಂದಿಗೂ ಕಾಣುವುದಿಲ್ಲ. ದೊಡ್ಡತ್ತೆಗೆ ಇದು ತಿಳಿಯದೆ ಇರಲಿಲ್ಲ. ಒಮ್ಮೆಯೂ ಕೇಳಲಿಲ್ಲ. ತೊಟ್ಟಿಲು ತೂಗುವ ಹಗ್ಗ ಮಾತ್ರ ಹಿಡಿಯುತ್ತಿದ್ದರು, ಕೂಸನ್ನು ಮುಟ್ಟುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಹಗೇವು ತೆರೆದರು. ಬೆಳಿಗ್ಗೆ ಇಳಿಬಿಟ್ಟ ಕಂದೀಲು ಆರಿತು. ಮಧ್ಯಾಹ್ನ ಆಳುಗಳು ಇನ್ನೊಮ್ಮೆ ಹಚ್ಚಿ ಇಳಿಬಿಟ್ಟು, ಯಾರೂ ಬೀಳದಿರಲೆಂದು ಬಾಯಿಯ ಮೇಲೆ ಒಂದು ಹೊರಸು ಅಡ್ಡ ಇಟ್ಟು, ಬೇವಿನ ನೆರಳಿಗೆ ಕುಳಿತಿದ್ದರು. ಅದು ಚುನಾವಣೆಯ ಗದ್ದಲದ ಕಾಲ. ಕೂಸು ಪಡಸಾಲೆಯ ತೊಟ್ಟಿಲಿನಲ್ಲಿ ಮಲಗಿತ್ತು. ಒಮ್ಮೆಲೇ ಓಣಿಯಲ್ಲಿ ವಿಮಾನ ಬಂತು ಎಂದು ಗುಲ್ಲೆದ್ದಿತು. ಅಷ್ಟು ಕೆಳಗೆ ಹಾರುವ ವಿಮಾನವನ್ನು ನಮ್ಮೂರಿನಲ್ಲಿ ಯಾರೂ ನೋಡಿರಲಿಲ್ಲ. ಅತ್ತೆ ಹಿಟ್ಟಿನ ಕೈಯಲ್ಲೇ ಮಾಳಿಗೆ ಹತ್ತಿದರು, ನಾನೂ ಹಿಂದೆಯೇ ಹತ್ತಿದೆ. ಊರಿಗೆ ಊರೇ ಮಾಳಿಗೆಗಳ ಮೇಲಿತ್ತು. ವಿಮಾನ ನಮ್ಮ ತಲೆಯ ಮೇಲೆ ಹಾಯುತ್ತ, ಹೊಟ್ಟೆಯಿಂದ ಗುಲಾಬಿ ಬಣ್ಣದ ಚೀಟಿಗಳನ್ನು ಚೆಲ್ಲಿತು. ಓಟು ಕೇಳುವ ಚೀಟಿಗಳು. ಅವು ಬಿಸಿಲಿನಲ್ಲಿ ತೇಲಾಡುತ್ತ ಇಳಿಯುವುದು ಎಷ್ಟು ಚೆಂದವಿತ್ತೆಂದರೆ ನಾನು ಎರಡೂ ಕೈ ಚಾಚಿ ಚಪ್ಪಾಳೆ ತಟ್ಟಿದೆ.

ಒಂದು ಚೀಟಿ ನನ್ನ ಭುಜಕ್ಕೆ ತಾಗಿ ಬಿತ್ತು. ಆಗ ನನಗೆ ರಂಗೂನಿನ ಕಾಗದಗಳ ನೆನಪಾಯಿತು. ಅಂಗಳದ ಕಡೆ ಬಗ್ಗಿ ನೋಡಿದೆ. ಹಗೇವಿನ ಮೇಲಿನ ಹೊರಸು ಪಕ್ಕಕ್ಕೆ ಸರಿದಿತ್ತು. ಆಳುಗಳು ಚೀಟಿ ಆರಿಸಲು ಬೀದಿಗೆ ಓಡಿದ್ದರು. ಬಾಯಿಯ ಅಂಚಿನಲ್ಲಿ ದೊಡ್ಡತ್ತೆಯ ಬಿಳಿ ಸೀರೆಯ ಬೆನ್ನು ಮಾತ್ರ ಕಾಣುತ್ತಿತ್ತು.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ತೊಟ್ಟಿಲು ಖಾಲಿ ಇತ್ತು. ಅಂಗಳಕ್ಕೆ ಬಂದರೆ ಅವರು ಮೊಣಕಾಲು ಮೊಣಕೈ ಊರಿ ನೆಲಕ್ಕೆ ಬಗ್ಗಿದ್ದರು. ಹಗೇವಿನೊಳಗೆ ಕತ್ತಲು, ಕಂದೀಲು ಆರಿತ್ತು. ಕೂಸನ್ನು ಒಳಗೆ ಬಿಟ್ಟಿದ್ದಾರೆ ಎಂದೇ ತಿಳಿದೆ. ಅಷ್ಟರಲ್ಲಿ ಅವರ ಹೊಟ್ಟೆಯ ಕೆಳಗಿನಿಂದ ಕೂಸು ಕ್ಯಾಂ ಅಂದಿತು.

ಕೂಸನ್ನು ನೆಲದ ಮೇಲೆ ಸೆರಗು ಹಾಸಿ ಮಲಗಿಸಿ, ಅದರ ಮೇಲೆ ಅವರು ತಮ್ಮ ಮೈಯನ್ನೇ ಮಾಳಿಗೆ ಮಾಡಿಕೊಂಡಿದ್ದರು. ಎರಡೂ ಅಂಗೈಯಿಂದ ಅದರ ಕಿವಿ ಮುಚ್ಚಿದ್ದರು. ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಕೂಸನ್ನು ಕಸಿದುಕೊಳ್ಳಲು ನಾನು ಕೈ ಚಾಚುವಾಗಲೇ ವಿಮಾನ ಸುತ್ತು ಹಾಕಿ ಮತ್ತೆ ಬಂತು. ನಾನು ಯಾಕೆ ಹಾಗೆ ಮಾಡಿದೆನೋ, ಅವರ ಪಕ್ಕದಲ್ಲೇ ಮೊಣಕಾಲೂರಿ, ಕೂಸಿನ ಕಾಲಿನ ಮೇಲೆ ಬಗ್ಗಿದೆ. ಮಾಳಿಗೆಯ ಮೇಲೆ ನಿಂತು ಕೇಳಿದ ಸದ್ದೇ ಅದು. ಕೂಸಿನ ಮೇಲೆ ಬಗ್ಗಿ ಕೇಳಿದಾಗ ಅದು ಬೇರೆಯೇ ಸದ್ದು. ಬೆನ್ನಿನ ಚರ್ಮ ಕಿತ್ತು ಬಂದ ಹಾಗಾಯಿತು. ಗುಲಾಬಿ ಚೀಟಿಗಳು ನಮ್ಮಿಬ್ಬರ ಬೆನ್ನ ಮೇಲೆ ಬಿದ್ದವು.

ಬೀದಿಯಿಂದ ಓಡಿ ಬಂದ ಮಾವನವರು ಕೈಯಲ್ಲಿದ್ದ ಚೀಟಿ ತೋರಿಸಿ, ಇದು ಬರೇ ಕಾಗದ ಎಂದು ಅಕ್ಕನಿಗೆ ಹೇಳಿದರು. ಮೊದಲು ಕಾಗದವೇ ಬರುವುದು ಎಂದರು ದೊಡ್ಡತ್ತೆ, ತಲೆ ಎತ್ತದೆ. ಮಾವನವರು ಇನ್ನೇನೋ ವಿವರಿಸಲು ಬಾಯಿ ತೆರೆದಾಗ ನಾನು ಸೊಸೆ ಎಂಬುದನ್ನೂ ಮರೆತು, ಸುಮ್ಮನಿರಲು ಕೈ ಮಾಡಿದೆ. ಸದ್ದು ನರಗುಂದದ ಗುಡ್ಡದ ಕಡೆ ಹೋಗಿ ಕರಗಿತು. ಬಹಳ ಹೊತ್ತಿನ ಮೇಲೆ ದೊಡ್ಡತ್ತೆ ನನ್ನನ್ನು ಕೇಳಿದರು.

"ಹೋತೇನು?"

"ಹೋತ್ರಿ ದೊಡ್ಡತ್ತಿ. ಕೂಸು ಆರಾಮ ಐತ್ರಿ."

ಆಗ ಅವರು ಪಕ್ಕಕ್ಕೆ ಸರಿದು ಕೂಸನ್ನು ಎತ್ತಿ ನನಗೆ ಕೊಟ್ಟರು. ಕೊಟ್ಟ ಗಳಿಗೆಗೆ ಕೈ ನಡುಗಲು ಹತ್ತಿತು. ಮೊಣಕೈ ತರಚಿ ರಕ್ತ ಬಂದಿತ್ತು. ಅತ್ತೆ ಅರಿಸಿನ ತಂದು ಹಚ್ಚಿದರು.

ಸಂಜೆ ಅಂಗಳದಲ್ಲಿ ಅವರ ಹೊರಸಿನ ಹತ್ತಿರ ಕುಳಿತು, ಹಗೇವಿನ ತನಕ ಹೋಗಿ ಯಾಕೆ ಇಳಿಯಲಿಲ್ಲ ಎಂದು ಕೇಳಿದೆ. ಆ ಪ್ರಶ್ನೆಯಲ್ಲಿ ನನ್ನ ಇಷ್ಟು ದಿನದ ಅಂಜಿಕೆಯೆಲ್ಲ ಇತ್ತು, ಅದು ಅವರಿಗೆ ಗೊತ್ತಾಯಿತು. ಸಿಟ್ಟಾಗಲಿಲ್ಲ.

"ದೀಪ ಆರಿತ್ತವ್ವಾ," ಅಂದರು. "ಮ್ಯಾಲೂ ಸಾವು, ಕೆಳಗೂ ಸಾವು. ನಡುವ ನಾನರ ಇದ್ನೆಲ್ಲ."

ಊರುಗಳ ಮೇಲೆ ಬಾಂಬು ಹಾಕಿ ಮಂದಿಯ ಎದೆ ಮುರಿಯಬಹುದೇ ಎಂದು ಲೆಕ್ಕ ಹಾಕುವ ಜಾಣರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ಲೆಕ್ಕ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ನಮ್ಮ ದೊಡ್ಡತ್ತೆಯ ಒಳಗೆ ಏನೋ ಮುರಿದದ್ದು ಖರೆ, ಅದು ಕಡೆಯ ತನಕ ಕೂಡಲಿಲ್ಲ. ಆದರೆ ಕತ್ತಲ ಹಗೇವಿನ ಬಾಯಿಯಲ್ಲಿ, ತಲೆಯ ಮೇಲೆ ವಿಮಾನ ಮೊರೆಯುವಾಗ, ಮನೆಯಲ್ಲಿ ಬುದ್ಧಿ ನೆಟ್ಟಗಿದ್ದವರೆಲ್ಲ ಮಾಳಿಗೆಯ ಮೇಲೆ ಚಪ್ಪಾಳೆ ತಟ್ಟುತ್ತಿದ್ದಾಗ, ಆರಿದ ಕಂದೀಲನ್ನು ನೋಡಿದ್ದು ಅವರೊಬ್ಬರೇ. ಇದನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ನನಗೆ ತಿಳಿಯುವುದಿಲ್ಲ.

ಅತ್ತೆಯ ತಾಕೀತು ಅಂದಿಗೆ ಮುಗಿಯಿತು. ಮುಂದೆ ಆಕಾಶದಲ್ಲಿ ಎಲ್ಲೋ ಗುಂಯ್ ಅಂದರೆ, ಒಲೆಯ ಮುಂದಿನಿಂದ ಅತ್ತೆಯೇ ನನ್ನನ್ನು ಕೂಗುತ್ತಿದ್ದರು, ಕೂಸನ್ನು ಅವರಿಗೆ ಕೊಟ್ಟು ಬಾ ಎಂದು. ನಾನು ಮಾಡುತ್ತಿದ್ದ ಕೆಲಸ ಬಿಟ್ಟು, ಮಲಗಿದ್ದರೂ ಎಬ್ಬಿಸಿ, ಕೂಸನ್ನು ಒಯ್ದು ಅವರ ಉಡಿಯಲ್ಲಿ ಇಡುತ್ತಿದ್ದೆ. ಅವರು ಅದರ ಕಿವಿ ಮುಚ್ಚುತ್ತಿದ್ದರು. ಅವರ ಕೈ ನಡುಗುವುದು ನಿಂತ ಮೇಲೆ ನಾನು ಒಳಗೆ ಹೋಗುತ್ತಿದ್ದೆ.