ಹೀಟರನ್ನು ಬೇರೆ ಮಾಡಿದ್ದು

ಹೊನ್ನಾಳಿಯ ನಮ್ಮ ಕೂಡು ಮನೆಯಲ್ಲಿ ನನ್ನ ಎರಡೂ ಬಾಣಂತನ ಕೆಂಡದ ಅಗ್ಗಿಷ್ಟಿಕೆಯ ಹೊಗೆಯಲ್ಲೇ ಕಳೆದವು. ಎಪ್ಪತ್ತರ ದಶಕದ ಕೊನೆಗೆ ನನ್ನ ವಾರಗಿತ್ತಿ ಹೆತ್ತಾಗ ಮಾತ್ರ, ಮೈದುನ ದಾವಣಗೆರೆಯಿಂದ ಗೋಡೆಗೆ ಕೂರಿಸುವ ಎಲೆಕ್ಟ್ರಿಕ್ ಹೀಟರ್ ತಂದ. ಎರಡು ಸರಳು, ಹಿಂದೆ ಕನ್ನಡಿಯಂಥ ತಗಡು. "ಹೌ ಲವ್ಲಿ" ಎಂದೆ. ಹೊಟ್ಟೆಯೊಳಗೆ ಅದೇ ಹಳೆಯ ಅಗ್ಗಿಷ್ಟಿಕೆ ಉರಿಯುತ್ತಿತ್ತು.

ವೈರ್‌ಮನ್ ಹೀಟರನ್ನು ಗೋಡೆಗೆ ಕೂರಿಸಿ, ಡಬ್ಬದಲ್ಲಿದ್ದ ಇಂಗ್ಲಿಷ್ ಚೀಟಿಯನ್ನು ನನ್ನ ಕೈಗಿಟ್ಟ. "ಲೈಟಿನ ವೈರಿಗೇ ಸೇರಿಸಿಬಿಡ್ತೀನಿ. ಇದ್ರಾಗೆ ಏನ್ ಬರ್ದೈತೆ ನೋಡ್ರಿ ಅಕ್ಕಾರೆ, ನೀವು ಕಾನ್ವೆಂಟ್‌ನಾಗೆ ಓದಿದೋರು."

ಲೈಟಿನ ವೈರಿಗೆ ಸೇರಿಸಲೇಬಾರದು ಎಂದಿತ್ತು. ಮೇನ್ ಬೋರ್ಡಿನಿಂದ ಪ್ರತ್ಯೇಕ ದಪ್ಪ ವೈರು, ನೆಲಕ್ಕಿಳಿಸುವ ಅರ್ಥ್, ಕರೆಂಟಿನ ಎರಡೂ ತಂತಿಯನ್ನು ಒಟ್ಟಿಗೆ ಕಡಿಯುವ ಸ್ವಿಚ್ಚು ಬೇಕು. ಇಲ್ಲದಿದ್ದರೆ ಆರಿಸಿದ ಮೇಲೂ ಸರಳಿನಲ್ಲಿ ಕರೆಂಟು ಉಳಿಯಬಹುದು. 'ಐಸೋಲೇಟ್', ಅಂದರೆ ಬೇರೆ ಮಾಡಿ, ಎಂಬ ಪದಕ್ಕೆ ಅಡಿಗೆರೆ. ಮೇನ್ ಬೋರ್ಡ್ ಇದ್ದದ್ದು ನನ್ನ ಕೋಣೆಯಲ್ಲಿ. ಅಂದರೆ ನನ್ನ ಗೋಡೆ ಕೊರೆದು ಅವಳಿಗೆ ಬೆಚ್ಚಗೆ! "ಗೋಡೆಗೆ ಗಟ್ಟಿಯಾಗಿ ಕೂರಿಸ್ಬೇಕಂತೆ" ಎಂದಷ್ಟೇ ಓದಿ ಹೇಳಿ ಚೀಟಿ ಮಡಚಿದೆ.

"ಅಷ್ಟೇನಾ?" ಎಂದರು ಅತ್ತೆ.

"ಅಷ್ಟೇ."

ವೈರ್‌ಮನ್ ಏಣಿ ಹತ್ತಿದ. ವಾರಗಿತ್ತಿ ಮಂಚದಿಂದೆದ್ದು, ಕೂಸಿನ ಬಾಯೊರೆಸಿದ ಒದ್ದೆ ಸೆರಗಿನಿಂದಲೇ ಸರಳುಗಳ ಧೂಳು ಒರೆಸಿದಳು. "ದಿನಾ ಹಿಂಗೆ ಒರೆಸಿ ಇಟ್ಕೊಂತೀನಿ. ನಿಮ್ ಮಕ್ಳನ್ನೂ ಇಲ್ಲೇ ಮಲಗಿಸ್ರಿ ಅಕ್ಕಾ."

ಆ ಒದ್ದೆ ಸೆರಗು ನೋಡಿ, ಮಡಚಿದ ಚೀಟಿಯನ್ನು ಮತ್ತೆ ಬಿಚ್ಚಿದೆ. "ತಡೀರಿ, ಬೇರೆ ಮಾಡ್ಬೇಕಂತೆ!"

ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಯಾರನ್ನೇ ಬೇರೆ ಮಾಡೋದು? ನಾ ಇರೋತನಕ ಈ ಮನ್ಯಾಗೆ ಎಲ್ಡು ಒಲೆ ಹೂಡಾಕೆ ಬಿಡಂಗಿಲ್ಲ!"

"ನಮ್ಮನ್ನಲ್ಲ ಅತ್ತೆ, ಹೀಟರಿನ ಲೈನು."

"ಕರೆಂಟ್ ಹಾಕಾಕೆ ಬಂದೋನು ಮನೆ ಒಡೆದು ಹೋದ ಅಂತಿದ್ರು ನನ್ನ," ವೈರ್‌ಮನ್ ನಗುತ್ತಾ ಇಳಿದುಬಂದು ಚೀಟಿಯನ್ನು ಪೂರಾ ಓದಿಸಿಕೊಂಡ. ಎರಡನೇ ಸಲ ಓದುವಾಗ ಯಾರ ಮುಖವನ್ನೂ ನೋಡಲಿಲ್ಲ ನಾನು.

ನನ್ನ ಗೋಡೆ ಕೊರೆದರು. ಸ್ವಿಚ್ಚು ನನ್ನ ಮಂಚದ ತಲೆದೆಸೆಗೇ ಬಂತು, ಕೆಂಪು ದೀಪದ್ದು. ಒರೆಸುವ ಮುಂಚೆ ಅವಳು "ಅಕ್ಕಾ, ಆರಿಸ್ರಿ" ಎಂದು ಕೂಗುವಳು. ಆರಿಸಿ, ಸರಳು ಕಪ್ಪಾಗಿ ತಣ್ಣಗಾಗುವ ತನಕ ಅವಳ ಬಾಗಿಲಲ್ಲೇ ನಿಂತಿರುತ್ತಿದ್ದೆ. ಚಳಿಗೆ ನನ್ನ ಮಕ್ಕಳೂ ಅಲ್ಲೇ ಮಲಗಿದರು. ನಾನು ಮಾತ್ರ ಹೋಗಲಿಲ್ಲ. ಸಿಲ್ಲಿ ಎನ್ನಿ ಬೇಕಾದರೆ, ಆ ಪುಟ್ಟ ಕೆಂಪು ದೀಪದ ಮೇಲೆ ಬೆರಳಿಟ್ಟು ನೋಡಿದ್ದೇನೆ, ಬೆಚ್ಚಗಿದೆಯೇನೋ ಎಂದು.