ಮೊಣಕಾಲುದ್ದ ನೀರು

ನಮ್ಮ ಭೂಗೋಳದ ಮೇಷ್ಟ್ರ ಪ್ಯಾಂಟಿನ ಮೇಲೆ, ಬಲ ಮೊಣಕಾಲಿಗೆ ಸರಿಯಾಗಿ, ಸೀಮೆಸುಣ್ಣದ ಒಂದು ಅಡ್ಡಗೆರೆ ಇರುತ್ತಿತ್ತು. ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಪ್ಯಾಂಟು ಇಸ್ತ್ರಿ ಮಾಡಿದ್ದು, ಶುಭ್ರವಾದದ್ದು. ಮಧ್ಯಾಹ್ನದ ಊಟದ ಹೊತ್ತಿಗೆ ಗೆರೆ ಬಿದ್ದಿರುತ್ತಿತ್ತು. ಸಮುದ್ರದ ಮಾತು ಬಂದಾಗಲೆಲ್ಲ ಅವರೇ ಬಗ್ಗಿ ಎಳೆದುಕೊಳ್ಳುತ್ತಿದ್ದ ಗೆರೆ ಅದು. ಮಳೆಯ ಪಾಠವಾಗಲಿ, ಮಣ್ಣಿನ ಪಾಠವಾಗಲಿ, ಅವರ ಬಾಯಲ್ಲಿ ಹೇಗೋ ತಿರುಗಿ ಲಕ್ಷದ್ವೀಪಕ್ಕೆ ಬಂದು ನಿಲ್ಲುತ್ತಿತ್ತು. ಸಮುದ್ರವನ್ನು ಯಾರೂ ನೋಡಿರದ ತರಗತಿಗೆ ಇದೆಂಥ ಹುಚ್ಚು ಎಂದು ನಾವು ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೆವು.

ನಮ್ಮದು ಜಂಗಮಕೋಟೆಯ ಹೈಸ್ಕೂಲು. ಮನೆಮನೆಯಲ್ಲೂ ರೇಷ್ಮೆಹುಳ. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ವಾರದಲ್ಲಿ ಸೊಪ್ಪು ಹಾಕಿ ಹಾಕಿ ಸುಸ್ತಾಗಿ ನಾವು ಪಾಠದ ನಡುವೆಯೇ ತೂಕಡಿಸುತ್ತಿದ್ದೆವು. ಮೇಷ್ಟ್ರು ಹೊಡೆದವರಲ್ಲ. ಪಕ್ಕಕ್ಕೆ ಬಂದು, "ಏನಮ್ಮಾ, ಹಣ್ಣಾದ್ಯಾ? ಚಂದ್ರಿಕೆ ತರ್ಲಾ, ಗೂಡು ಕಟ್ಟೋಕೆ?" ಎನ್ನುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿದ್ದದ್ದು ಒಂದಕ್ಕೇ, ಅರ್ಧ ಉತ್ತರಕ್ಕೆ. ಗೊತ್ತಿಲ್ಲ ಸಾರ್ ಎಂದವರನ್ನು ಕೂರಿಸಿಬಿಡುತ್ತಿದ್ದರು. ಅರ್ಧ ಹೇಳಿದವರನ್ನು ಮಾತ್ರ ಬೆಲ್ ಹೊಡೆಯುವವರೆಗೂ ನಿಲ್ಲಿಸುತ್ತಿದ್ದರು. ಪೂರ್ತಿ ಹೇಳಿದರೆ, "ಪೂರ್ತಿ ಹೇಳ್ದೆ. ಕೂತ್ಕೋ." ಅದಕ್ಕಿಂತ ದೊಡ್ಡ ಬಹುಮಾನ ಅವರ ಬಳಿ ಇರಲಿಲ್ಲ. ಇದು ಅನ್ಯಾಯ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಏನೂ ಓದದವನು ಕೂರಬೇಕು, ಅಷ್ಟಿಷ್ಟು ಓದಿದವಳು ನಿಲ್ಲಬೇಕು!

ಒಂಬತ್ತನೇ ತರಗತಿಯಲ್ಲಿ ಹವಳದ ದ್ವೀಪಗಳ ಪಾಠ ಬಂದ ದಿನ ಅವರು ಯಾರದೋ ಮನೆಯಿಂದ ಹಣ್ಣಾದ ಹುಳ ಬಿಡುವ ಬಿದಿರಿನ ದುಂಡು ತಟ್ಟೆ, ಚಂದ್ರಿಕೆಯನ್ನೇ ತರಿಸಿದ್ದರು. ಅದನ್ನು ಮೇಜಿನ ಮೇಲೆ ಅಂಗಾತ ಇಟ್ಟು ಅಂಚಿನ ಸುತ್ತ ಬೆರಳಾಡಿಸಿದರು. "ಈ ಅಂಚೇ ಹವಳದ ದಿಬ್ಬ. ನಿಮ್ಮ ಹುಳ ನೂಲು ಬಿಟ್ಟು ಗೂಡು ಕಟ್ಟುತ್ತೆ, ಹವಳದ ಹುಳ ಸುಣ್ಣದ ಮನೆ ಕಟ್ಟುತ್ತೆ. ಹುಳ ಸಾಯುತ್ತೆ, ಮನೆ ಉಳಿಯುತ್ತೆ. ಸತ್ತವರ ಮನೆ ಮೇಲೆ ಇನ್ನೊಬ್ಬರು ಬಂದು ಕಟ್ತಾರೆ. ಹಂಗೇ ಎದ್ದಿದ್ದು ಇದು." ನಡುವೆ ತಿಳಿ ಹಸಿರು ನೀರು, ಅಂಚಿನ ಮೂಡಣ ಭಾಗದಲ್ಲಿ ತೆಂಗು ಬೆಳೆದ ಒಂದಿಷ್ಟು ಮರಳು. ಆ ನೆಲ ಎಷ್ಟು ತಗ್ಗು ಎಂದರೆ ದೂರದ ಹಡಗಿನವರಿಗೆ ಕಾಣುವುದೇ ಇಲ್ಲ. ಕಾಣುವ ಹೊತ್ತಿಗೆ ಅಡಿಯ ಹಲಗೆ ಸೀಳಿರುತ್ತದೆ. ಅರಬ್ಬರ ಹಾಯಿ ಹಡಗು, ಬಿಳಿಯರ ಉಗಿ ಹಡಗು, ಅಕ್ಕಿ ಹೊತ್ತದ್ದು, ಕುದುರೆ ಹೊತ್ತದ್ದು, ಎಲ್ಲದರ ಮೂಳೆಯೂ ಆ ಅಂಚಿನ ಕೆಳಗೆ ಬಿದ್ದಿದೆ ಎನ್ನುತ್ತಿದ್ದರು. ಒಡೆದ ಹಡಗಿನ ಹಲಗೆಯಿಂದ ದ್ವೀಪದವರು ಮನೆಗೆ ಬಾಗಿಲು ಮಾಡಿಸಿಕೊಳ್ಳುತ್ತಿದ್ದರಂತೆ.

ಆಮೇಲೆ ಬಗ್ಗಿ ಮೊಣಕಾಲಿಗೆ ಗೆರೆ ಎಳೆದುಕೊಂಡರು. "ದಿಬ್ಬದ ಮೇಲೆ ನೀರು ಇಷ್ಟೇ. ಅದರಾಚೆ?" ಎಂದು ನನ್ನ ಕಡೆ ನೋಡಿದರು.

"ಸಮುದ್ರ ಸಾರ್."

"ಅರ್ಧ ಹೇಳ್ದೆ. ನಿಂತಿರು."

ಉಳಿದರ್ಧ ಯಾರಿಗೂ ಗೊತ್ತಿರಲಿಲ್ಲ. ಅವರೇ ಹೇಳಿದರು. "ನಮ್ಮೂರ ಕೆರೆ ಅಂತ ತಿಳ್ಕೋಬೇಡ್ರಪ್ಪ. ಕೆರೇಲಿ ನೀರು ಮೊಣಕಾಲುದ್ದ ಆಯ್ತು ಅಂದ್ರೆ ದಡ ಬಂತು ಅಂತ ಅರ್ಥ. ಅಲ್ಲಿ ಹಂಗಲ್ಲ. ಒಂದು ಹೆಜ್ಜೆ ಈಚೆ ಮೊಣಕಾಲುದ್ದ, ಒಂದು ಹೆಜ್ಜೆ ಆಚೆ ಬಾವಿ. ತಳ ಇಲ್ಲದ ಬಾವಿ." ಹೇಳುತ್ತಾ ಹೇಳುತ್ತಾ ಅವರ ದನಿ ಇಳಿದುಹೋಯಿತು. ಬೆಲ್ ಹೊಡೆಯುವವರೆಗೂ ನಾನು ನಿಂತೇ ಇದ್ದೆ.

ಅವರ ಮನೆಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಮೇಷ್ಟ್ರಿಗೆ ಒಬ್ಬ ತಮ್ಮನಿದ್ದ. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಿಂದ ಮಂಗಳೂರಿಗೆ ತರಕಾರಿ ಲಾರಿಯಲ್ಲಿ ಹೋಗಿ ಬರುತ್ತಿದ್ದವನು, ಅಲ್ಲಿಂದ ಆ ತರಕಾರಿ, ಜಲ್ಲಿ, ಸಿಮೆಂಟನ್ನು ದ್ವೀಪಗಳಿಗೆ ಒಯ್ಯುವ ಮಂಜಿ ಎಂಬ ಮರದ ಹಡಗಿನಲ್ಲಿ ಅಡುಗೆಗೆ ಸೇರಿಕೊಂಡ. ನಾನು ಹೈಸ್ಕೂಲು ಸೇರುವ ಮೊದಲೇ ಒಂದು ಮುಂಗಾರಿನ ಶುರುವಿನಲ್ಲಿ ಮಂಜಿ ಹವಳದ ದಿಬ್ಬಕ್ಕೆ ಬಡಿಯಿತು. ಉಳಿದವರನ್ನು ಇನ್ನೊಂದು ದೋಣಿ ಹತ್ತಿಸಿಕೊಂಡಿತು. ತಮ್ಮ ಸಿಗಲಿಲ್ಲ, ಹೆಣವೂ ಸಿಗಲಿಲ್ಲ.

ಹಡಗು ದಿಬ್ಬ ಹತ್ತಿದೆ ಎಂದು ಮೊದಲ ಫೋನು ಬಂದಾಗ ಅವರ ತಾಯಿ ಕೇಳಿದ್ದು ಒಂದೇ ಮಾತು: "ಅಲ್ಲಿ ನೀರು ಎಷ್ಟು ಆಳ ಐತಪ್ಪ?" ಮೇಷ್ಟ್ರು ಹೇಳಿದರು, "ಮೊಣಕಾಲುದ್ದ ಅಷ್ಟೇ ಅಮ್ಮ." ಅಜ್ಜಿ ಆ ಮಾತನ್ನು ಹಿಡಿದುಕೊಂಡರು, ಮತ್ತೆ ಬಿಡಲಿಲ್ಲ. "ಮೊಣಕಾಲುದ್ದ ನೀರಲ್ಲಿ ಯಾರಾನಾ ಮುಳುಗ್ತಾರಾ? ನಡ್ಕೊಂಡು ಹೋಗಿರ್ತಾನೆ ನನ್ನ ಮಗ. ಪರ್ಮಿಟ್ ಇಲ್ದೆ ಅಲ್ಲಿಂದ ಬಿಡಲ್ವಂತೆ, ಅದಕ್ಕೇ ಬಂದಿಲ್ಲ" ಎಂದು ಜಗಲಿಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದರು. ಫೋಟೋಕ್ಕೆ ಹಾರ ಹಾಕಗೊಡಲಿಲ್ಲ. ತಿಥಿಯ ಮಾತೆತ್ತಿದ ನೆಂಟರನ್ನು ತೆಲುಗಿನಲ್ಲಿ ಬೈದು ಅಟ್ಟಿದರು. ವರ್ಷಕ್ಕೊಮ್ಮೆ ಮೇಷ್ಟ್ರನ್ನು ಕರೆದುಕೊಂಡು ಮುರುಗಮಲ್ಲದ ದರ್ಗಾಕ್ಕೆ ಹೋಗಿ ಹರಕೆಯ ದಾರ ಕಟ್ಟಿ ಬರುತ್ತಿದ್ದರು. ಮೇಷ್ಟ್ರು ಒಳಗೆ ಹೋಗದೆ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿರುತ್ತಿದ್ದರಂತೆ.

ನಾನು ನರ್ಸಿಂಗ್ ಓದಿ ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಗೆ ಸೇರಿದೆ. ಕೆಲವು ವರ್ಷದ ನಂತರ ನಾನಿದ್ದ ವಾರ್ಡಿಗೇ ಮೇಷ್ಟ್ರ ತಾಯಿಯನ್ನು ತಂದರು. ಹೃದಯ ಸೋತಿತ್ತು. ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು. ನಮ್ಮ ಕಡೆ ತಂದೆಗೆ ಹಿರಿಮಗ, ತಾಯಿಗೆ ಕಿರಿಮಗ ಕೊಳ್ಳಿ ಇಡುವುದು ರೂಢಿ. ಅಜ್ಜಿ ಹಟ ಹಿಡಿದರು. "ಚಿಕ್ಕೋನು ಬರೋವರೆಗೂ ನನ್ನ ಹೆಣ ಎತ್ತಬೇಡಿ. ಕೊಳ್ಳಿ ಅವನೇ ಇಡಬೇಕು. ನೀನು ಮುಟ್ಟಬೇಡ" ಎಂದು ಮೇಷ್ಟ್ರಿಗೆ ನನ್ನೆದುರಿಗೇ ಹೇಳಿದರು. ಉಸಿರು ಎಳೆದು ಎಳೆದು ಬಾಗಿಲು ನೋಡುತ್ತಿದ್ದರು. ಇಂಥ ಕಾಯುವಿಕೆಯ ಸಂಕಟವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂದು ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗೆ ಮೇಷ್ಟ್ರು ನನ್ನನ್ನು ಕರೆದರು. "ಅಮ್ಮನ ಹತ್ರ ಎಷ್ಟು ದಿನ ಇದೆ ಕಣಮ್ಮ?"

"ಹೆಚ್ಚಿಲ್ಲ ಸಾರ್."

ಆಗ ಹೇಳಿದರು. ಮಂಜಿ ದಿಬ್ಬಕ್ಕೆ ಬಡಿದ ವರ್ಷ ಅವರು ಮಂಗಳೂರಿಗೆ ಹೋಗಿದ್ದರು, ಹಡಗಿನಲ್ಲಿ ಬದುಕುಳಿದ ಒಬ್ಬನನ್ನು ಹುಡುಕಿ ಮಾತಾಡಿಸಿದ್ದರು. ಬೆಳಗಿನ ಹೊತ್ತು, ಮಂಜಿ ದಿಬ್ಬದ ಹೊರ ಅಂಚಿಗೆ ಸಿಕ್ಕಿಕೊಂಡು ವಾಲಿತ್ತು. ಯಾರೂ ಇಳಿಯಬೇಡಿ, ಹಿಡಿದುಕೊಂಡು ಕೂತಿರಿ ಎಂದಿದ್ದರಂತೆ. ಈಜು ಬಾರದ ತಮ್ಮ ಕೆಳಗೆ ನೋಡಿದ. ನೀರಿನಲ್ಲಿ ಕಲ್ಲು ಕಾಣುತ್ತಿತ್ತು. "ನಮ್ಮಣ್ಣ ಭೂಗೋಳದ ಮೇಷ್ಟ್ರು. ಇಲ್ಲಿ ಮೊಣಕಾಲುದ್ದ ಅಂತ ಹೇಳಿದಾನೆ" ಎಂದು ನಗುತ್ತಲೇ ಇಳಿದನಂತೆ. ನಿಂತ, ನೀರು ಮೊಣಕಾಲಿಗೇ ಬಂತು, ಎಲ್ಲರಿಗೂ ಕೈ ತೋರಿಸಿದ. ಅಲೆ ಬಂದು ತಳ್ಳಿತು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ.

"ಕೆಲ್ಸಕ್ಕೆ ಸೇರೋವಾಗ ಹೆದರಿದ್ದ ಕಣಮ್ಮ. ನಾನೇ ಧೈರ್ಯ ಹೇಳ್ದೆ. ಪುಸ್ತಕದಲ್ಲಿ ಓದಿದ್ದು, ಸುಳ್ಳೇನಲ್ಲ. ಅರ್ಧ ಹೇಳ್ದೆ. ಅಮ್ಮನಿಗೂ ಅರ್ಧಾನೇ ಹೇಳ್ದೆ. ಮಂಗಳೂರಿಂದ ಬಂದ ಮೇಲೆ ಉಳಿದಿದ್ದು ಹೇಳೋಕೆ ಬಾಯಿ ಬರ್ಲಿಲ್ಲ." ಮೇಷ್ಟ್ರು ಅತ್ತರು. ನಾನೂ ಅತ್ತೆ. ಸಮಾಧಾನ ಹೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ.

ಒಳಗೆ ಹೋಗಿ ಅವರು ತಾಯಿಯ ಮಂಚದ ಪಕ್ಕ ಕುಳಿತರು. ನಾನು ಡ್ರಿಪ್ ನೋಡುವ ನೆಪದಲ್ಲಿ ಅಲ್ಲೇ ಇದ್ದೆ.

"ಅಮ್ಮ, ನೀರು ಮೊಣಕಾಲುದ್ದ ಅಂದಿದ್ನಲ್ಲ, ಅದು ನಿಜ. ಆದ್ರೆ ಅದರ ಪಕ್ಕದಲ್ಲೇ ಬಾವಿ ಇತ್ತು. ಅವನಿಗೆ ನಾನು ಅದನ್ನ ಹೇಳಿರ್ಲಿಲ್ಲ."

ಅಜ್ಜಿ ಬಾಗಿಲಿನಿಂದ ಕಣ್ಣು ತೆಗೆದು ಮಗನ ಕಡೆ ತಿರುಗಿದರು. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದ ಹೆಂಗಸು ಕೇಳಬಹುದಾದದ್ದನ್ನೇ ಕೇಳಿದರು. "ಬಾವಿಗೆ ಕಟ್ಟೆ ಇರ್ಲಿಲ್ವಾ?"

"ಇಲ್ಲಮ್ಮ."

"ಕಟ್ಟೆ ಇಲ್ದಿರೋ ಬಾವಿ ಪಕ್ಕಕ್ಕೆ ಕಳಿಸಿದ್ಯಲ್ಲೋ" ಎಂದು ಗೋಡೆಯ ಕಡೆ ತಿರುಗಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಗೋಡೆಗೇ ಹೇಳುವವರ ಹಾಗೆ, "ಕೊಳ್ಳಿ ನೀನೇ ಇಡು" ಎಂದರು. ಮೇಷ್ಟ್ರೊಂದಿಗೆ ಆಡಿದ ಕೊನೆಯ ಮಾತು ಅದು. ಉಳಿದ ದಿನಗಳಲ್ಲಿ ಮಗನ ಕೈಯಿಂದ ನೀರು ಕುಡಿದರು, ಮುಖ ನೋಡಲಿಲ್ಲ. ಬಾಗಿಲ ಕಡೆಗೂ ಮತ್ತೆ ನೋಡಲಿಲ್ಲ. ಮೇಷ್ಟ್ರೇ ಕೊಳ್ಳಿ ಇಟ್ಟರು. ಹದಿಮೂರನೆಯ ದಿನ ತಮ್ಮನ ಫೋಟೋಕ್ಕೂ ಹಾರ ಹಾಕಿದರು.

ಕ್ಷಮೆ ಸಿಕ್ಕಿತೇ? ಇಲ್ಲ. ಸಿಕ್ಕಿತೆಂದು ಬರೆದು ಮುಗಿಸಿದರೆ ನನ್ನನ್ನು ಬೆಲ್ ಹೊಡೆಯುವವರೆಗೂ ನಿಲ್ಲಿಸಬೇಕಾಗುತ್ತದೆ. ಆದರೆ ಅಂದಿನಿಂದ ನನ್ನ ಕೆಲಸದ ರೀತಿ ಬದಲಾಯಿತು. "ಬಿಪಿ ಸರಿಯಾಗಿದೆ" ಎಂದಷ್ಟೇ ಹೇಳಿ ರೋಗಿಯ ಮನೆಯವರನ್ನು ನಾನು ಕಳಿಸುವುದಿಲ್ಲ. ಡಾಕ್ಟರು ಹೇಳಿದ್ದರಲ್ಲಿ ಅವರಿಗೆ ಅರ್ಥವಾಗದೆ ಉಳಿದದ್ದನ್ನು ಕೂರಿಸಿಕೊಂಡು ಹೇಳುತ್ತೇನೆ. ಕಲ್ಲು ಮನಸ್ಸಿನ ಸಿಸ್ಟರ್ ಎಂದು ಬೈಸಿಕೊಂಡಿದ್ದೇನೆ.

ಕಳೆದ ವರ್ಷ ಮೇಷ್ಟ್ರೇ ನಮ್ಮ ವಾರ್ಡಿಗೆ ಬಂದರು. ಕಿಡ್ನಿ ಎರಡೂ ಕೈಕೊಟ್ಟಿದ್ದವು, ಕಾಲು ಊದಿ ಹೊಳೆಯುತ್ತಿತ್ತು. ಹೆಂಡತಿ ಮಕ್ಕಳು ಹುಷಾರಾಗ್ತೀರ, ಮನೆಗೆ ಹೋಗೋಣ ಎನ್ನುತ್ತಿದ್ದರು. ಅವರೆಲ್ಲ ಕಾಫಿಗೆ ಹೋದಾಗ ಮೇಷ್ಟ್ರು ಹೊದಿಕೆಯ ಮೇಲೆ, ಮೊಣಕಾಲಿಗೆ ಸರಿಯಾಗಿ, ಬೆರಳಿನಿಂದ ಗೆರೆ ಎಳೆದು ಕೇಳಿದರು.

"ನೀರು ಎಲ್ಲಿವರೆಗೂ ಬಂದಿದೆ ಕಣಮ್ಮ?"

ಮಂಚದ ಪಕ್ಕ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಡಯಾಲಿಸಿಸ್ ತಾಳುವ ಶಕ್ತಿ ಹೃದಯಕ್ಕಿಲ್ಲ, ನೀರು ಎದೆಗೆ ಏರುತ್ತಿದೆ, ನೋವು ತಗ್ಗಿಸುವುದಕ್ಕೆ ನಮ್ಮಲ್ಲಿ ಏನಿದೆ, ಏನಿಲ್ಲ, ಮನೆಗೆ ಹೋಗುವುದಿದ್ದರೆ ನಾಳೆಯೇ ಹೋಗಬೇಕು. ಅವರು ಕಣ್ಣು ಮುಚ್ಚಿ ಕೇಳಿದರು. ಮಾರನೆಯ ದಿನ ಮನೆಗೆ ಹೋದರು, ಆ ವಾರ ಕಳೆಯುವುದರೊಳಗೆ ತೀರಿಕೊಂಡರು. ಆದರೆ ಅಂದು ನಾನು ಹೇಳಿ ಮುಗಿಸಿದಾಗ ಕಣ್ಣು ತೆರೆದು, ಪಕ್ಕದ ಸ್ಟೂಲಿನ ಕಡೆ ಕೈ ತೋರಿಸಿದರು.

"ಪೂರ್ತಿ ಹೇಳ್ದೆ ಕಣಮ್ಮ. ಕೂತ್ಕೋ."