ಉಡ ಹೊಕ್ಕ ಮನೆ

ನಮ್ಮ ಪ್ರಾಣಿಶಾಸ್ತ್ರದ ಸರ್ ಅವರ ಬೆರಳುಗಳಿಗೆ ಸದಾ ಫಾರ್ಮಲಿನ್ ವಾಸನೆ. ಎಷ್ಟು ತಿಕ್ಕಿ ತೊಳೆದರೂ ಹೋಗದು. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ತಿನ್ನುವಾಗಲೂ ಕಾಗದದಲ್ಲಿ ಹಿಡಿದೇ ತಿನ್ನುತ್ತಿದ್ದರು. ಎಂಬತ್ತರ ದಶಕದಲ್ಲಿ ನಾನು ಪಿಯುಸಿ ಓದುವಾಗ ಅವರ ಮೇಜಿನ ಮೇಲೆ ಗಾಜಿನ ಭರಣಿಯಲ್ಲಿ ಒಂದು ಉಡ, ಪಕ್ಕದಲ್ಲಿ ಒಣಗಿದ ಸಮುದ್ರದ ಸ್ಪಂಜು. ಎರಡನ್ನೂ ಹೋಲಿಸಿ ಎಂದರೆ ಪಾಠ ಶುರುವಾಯಿತೆಂದೇ ಲೆಕ್ಕ.

“ಉಡಕ್ಕ ಕಾಲು, ನಾಲಿಗಿ, ಹೃದಯ ಎಲ್ಲಾ ಅದಾವ್ರಿ. ಸ್ಪಂಜಿಗೆ ಏನೂ ಇಲ್ರಿ,” ಎಂದೆ.

“ಅದೂ ಜೀವಾನ ಐತವಾ. ಸಣ್ಣದಿದ್ದಾಗ ಈಜತೈತಿ. ಒಮ್ಮೆ ಕಲ್ಲಿಗೆ ಅಂಟ್ಕೊಂತಂದ್ರ ಮುಗೀತು, ಅಲ್ಲೇ ಕುಂದರತೈತಿ. ನೀರು ಬರತೈತಿ, ಹೋಗತೈತಿ.” ಹಾಗೆಂದವರು ಕಿಟಕಿಯ ಕಡೆ ತಿರುಗಿದರು. ನಮಗೇನು ಗೊತ್ತು, ಕಿಸಕ್ಕನೆ ನಕ್ಕೆವು.

ಆಮೇಲೆ ಅವ್ವ ಹೇಳಿದಳು. ಮದುವೆಯಾದ ಹೊಸದರಲ್ಲಿ ಸರ್ ಮನೆಗೆ ಉಡ ಹೊಕ್ಕಿತ್ತಂತೆ. ಉಡ ಹೊಕ್ಕರೆ ಅಪಶಕುನವೆಂದು ಮನೆ ಬಿಡುವುದು ನಮ್ಮ ಕಡೆಯ ರೂಢಿ. ಅಮಾವಾಸ್ಯೆ ಕಳೆದ ಮೇಲೆ ಪೂಜೆ ಮಾಡಿಸಿ ಮರಳುತ್ತಾರೆ. ಹೆಂಡತಿ ಅತ್ತು ಕರೆದರು. ಇವರು ಕಲಿತವರಲ್ಲವೇ! “ಇಲಿ ಹಿಡಿಯಾಕ ಬಂದಿತ್ತು, ಹೋತು. ನಾ ಕದಲಂಗಿಲ್ಲ” ಎಂದುಬಿಟ್ಟರು. ಆಕೆ ಒಬ್ಬರೇ ಮೋಟೆಬೆನ್ನೂರಿನ ತವರಿಗೆ ಹೋದರು. ಕರೆಯಲು ಇವರು ಹೋಗಲಿಲ್ಲ, ಕರೆಯದೆ ಆಕೆ ಬರಲಿಲ್ಲ. ವರ್ಷಗಳು ಹಾಗೇ ಉರುಳಿದವು. ಎಂಥ ಹಟ ಅಂತೀರಿ!

ತೊಂಬತ್ತರ ದಶಕದಲ್ಲಿ ಬ್ಯಾಡಗಿಯ ನಮ್ಮ ಮನೆಗೂ, ಅಂದರೆ ನನ್ನ ಗಂಡನ ಮನೆಗೂ, ಉಡ ಬಂತು. ಸೀದಾ ಅಡುಗೆಮನೆಗೆ! ಅತ್ತೆ ಗಂಟುಮೂಟೆ ಕಟ್ಟಿದರು. ನಾನು ವಿಜ್ಞಾನ ಓದಿದವಳು, ಜಪ್ಪಯ್ಯ ಅಂದರೂ ಕದಲಲಿಲ್ಲ. ಗಂಡ ಸಿಟ್ಟಿನಿಂದ ತಾಯಿಯ ಜೊತೆ ಹೊರಟೇ ಹೋದರು. ಖಾಲಿ ಮನೆಯಲ್ಲಿ ನಾನೊಬ್ಬಳೇ. ಸುದ್ದಿ ಕೇಳಿ ಸರ್ ಬಸ್ಸು ಹತ್ತಿ ಬಂದರು.

“ನೀವರ ಹೇಳ್ರಿ ಸರ್, ಇದು ಮೂಢನಂಬಿಕಿ ಅಲ್ಲೇನ್ರಿ?”

“ಖರೇನವಾ. ನಾ ಗೆದ್ದೆ. ಗೆದ್ದದ್ದನ್ನ ಆ ಮನ್ಯಾಗ ಯಾರಿಗೆ ಹೇಳ್ಲಿ?” ಎಂದರು. “ಚೀಲ ತಗೊ. ಲಗೂ ಅವರ ಹಿಂದ ಹೋಗು.”

ಹೋದೆ. ಅಮಾವಾಸ್ಯೆ ಕಳೆದು ಎಲ್ಲರೂ ಕೂಡಿಯೇ ಮರಳಿದೆವು. ನನ್ನ ಸಂಸಾರ ಉಳಿದದ್ದು ಅವರ ಆ ಮಾತಿನಿಂದ.

ಕೆಲವು ವರ್ಷಗಳಲ್ಲಿ ಸರ್ ಉಡ ಹೊಕ್ಕಿದ್ದ ತಮ್ಮ ಅದೇ ಮನೆಯಲ್ಲಿ ತೀರಿಕೊಂಡರು. ಓಡಿದೆ. ನಮ್ಮ ಕಡೆಯ ಪದ್ಧತಿಯಂತೆ ದೇಹವನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಹೊಸ್ತಿಲಾಚೆ ನರೆಗೂದಲಿನ ಹೆಂಗಸೊಬ್ಬರು ನಿಂತಿದ್ದರು, ಅವರ ಹೆಂಡತಿ. “ಒಳಗ ಬರ್ರಿ, ನಿಮ್ಮ ಮನೀನ ಐತಿ,” ಎಂದು ಕೈ ಹಿಡಿದೆ.

“ಅವರು ಒಮ್ಮೆ ಕರದಿದ್ರ ಬರತಿದ್ನಿ,” ಎಂದರು. ಹೊರಗೇ ನಿಂತರು.